ನೀವು, ನೀನು ಮತ್ತು ಗಾಲಿ ಕುರ್ಚಿ: ಚರ್ಚಿಲ್–ರೂಸ್‌ವೆಲ್ಟ್ ಸ್ನೇಹವನ್ನು ರಂಗಕ್ಕೆ ತಂದ ನನ್ನ ಅನುಭವ

ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಪ್ರಧಾನಿ ಚರ್ಚಿಲ್ ಮತ್ತು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ರ ಸ್ನೇಹವನ್ನು ಕುರಿತು ಕನ್ನಡದಲ್ಲಿ ನಾಟಕ ಬರೆಯುತ್ತೇನೆಂದು ನಾಲ್ಕು ವರ್ಷಗಳ ಹಿಂದೆ ಹೇಳಿದಾಗ, ನನ್ನೊಡನೆ ಇಪ್ಪತ್ತು ವರ್ಷ ತಾಲೀಮು ಮಾಡಿದವರೇ ಬೇಡವೆಂದು ಕೈಯಾಡಿಸಿದ್ದರು. ಬಂಗಾಳದ ಕ್ಷಾಮದ ಕಾಲದಲ್ಲಿ ಲಂಡನ್ನಿನ ಗಾದಿಯ ಮೇಲಿದ್ದವನನ್ನು ಸ್ನೇಹಜೀವಿಯೆಂದು ತೋರಿಸಿದರೆ ಅವನಿಗೆ ಹಾರ ಹಾಕಿದಂತಾಗುತ್ತದೆ ಎಂಬುದು ಒಂದು ಆಕ್ಷೇಪ. ಇಬ್ಬರು ಪರದೇಶದ ಮುದುಕರು ಮಾತನಾಡುವುದನ್ನು ನಮ್ಮವರು ಟಿಕೆಟ್ ತೆಗೆದುಕೊಂಡು ನೋಡುವುದಿಲ್ಲ ಎಂಬುದು ಇನ್ನೊಂದು. ಕಳೆದ ಚಳಿಗಾಲ ಧಾರವಾಡದಲ್ಲಿ ಒಂಬತ್ತನೆಯ ಪ್ರಯೋಗ ಮುಗಿದಾಗ ಹಿಂದಿನ ಸಾಲಿನಲ್ಲಿ ಜನ ನಿಂತು ನೋಡುತ್ತಿದ್ದರು. ಆ ಬಲದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಆವೃತ್ತಿ ಪೂರ್ತಿ ಸೋತಿತ್ತು. 1941ರ ನ್ಯೂಫೌಂಡ್‌ಲ್ಯಾಂಡ್ ಭೇಟಿಯಿಂದ 1945ರ ಯಾಲ್ಟಾವರೆಗೆ ಆರು ಸಮ್ಮೇಳನಗಳು, ಹದಿನಾಲ್ಕು ನಟರು, ಎರಡೂಮುಕ್ಕಾಲು ಗಂಟೆ. ಶಿವಮೊಗ್ಗದ ಮೊದಲ ಪ್ರಯೋಗಕ್ಕೆ ಸುಮಾರು ತೊಂಬತ್ತು ಸಾವಿರ ಖರ್ಚಾಯಿತು. ಅದರಲ್ಲಿ ಅರ್ಧದಷ್ಟು ಕೋಟು ಮತ್ತು ನೌಕಾಪಡೆಯ ಸಮವಸ್ತ್ರಗಳ ಬಾಡಿಗೆಗೇ ಹೋಯಿತು. ಟಿಕೆಟಿನಿಂದ ಬಂದದ್ದು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಸಾವಿರ. ವಿರಾಮದ ನಂತರ ಮೂರನೆಯ ಒಂದು ಭಾಗ ಪ್ರೇಕ್ಷಕರು ಮರಳಿ ಬರಲಿಲ್ಲ. ತಪ್ಪು ನಟರದ್ದೆಂದು ಕೆಲವು ತಿಂಗಳು ನಂಬಿದ್ದೆ. ಅದು ಬರವಣಿಗೆಯದೆಂದು ಒಪ್ಪಿಕೊಂಡ ಮೇಲೆಯೇ ಕೆಲಸ ಮುಂದೆ ಸಾಗಿತು. ಸಮ್ಮೇಳನಗಳಲ್ಲಿ ನಾಯಕರು ನಿರ್ಣಯಗಳನ್ನು ಓದುತ್ತಾರೆ. ಸ್ನೇಹ ಇದ್ದದ್ದು 1939ರ ಸೆಪ್ಟೆಂಬರಿನಿಂದ ಇಬ್ಬರ ನಡುವೆ ಓಡಾಡಿದ, ಎರಡು ಸಾವಿರದ ಹತ್ತಿರ ಹೋಗುವ ಪತ್ರ ಮತ್ತು ತಂತಿಗಳಲ್ಲಿ, ಮತ್ತು ಅವರ ನಡುವೆ ನಿಂತಿದ್ದ, ರೂಸ್‌ವೆಲ್ಟ್‌ನ ಆಪ್ತ ಸಲಹೆಗಾರ ಹ್ಯಾರಿ ಹಾಪ್‌ಕಿನ್ಸ್ ಎಂಬ ಮನುಷ್ಯನಲ್ಲಿ.

ಹಾಪ್‌ಕಿನ್ಸ್‌ನ ಹೊಟ್ಟೆಯ ಹೆಚ್ಚಿನ ಭಾಗವನ್ನು ಕ್ಯಾನ್ಸರಿನ ಕಾರಣ ಕತ್ತರಿಸಿ ತೆಗೆದಿದ್ದರು. ಶ್ವೇತಭವನದಲ್ಲೇ ವಾಸವಿದ್ದ ಅವನು 1941ರ ಜನವರಿಯಲ್ಲಿ ಲಂಡನ್ನಿಗೆ ಹೋದ. ಜುಲೈ ಕೊನೆಗೆ ಮಾಸ್ಕೋದಲ್ಲಿ ಸೋವಿಯತ್ ನಾಯಕ ಸ್ಟಾಲಿನ್‌ನನ್ನು ಕಂಡು, ಅಲ್ಲಿಂದ ಬಂದು ಚರ್ಚಿಲ್‌ನ ಹಡಗನ್ನೇರಿ ರೂಸ್‌ವೆಲ್ಟ್‌ನ ಬಳಿಗೆ ಹೊರಟ. ಕಥೆಗೂ ಪಾತ್ರಕ್ಕೂ ನಡುವೆ ಓಡಾಡುವ ಭಾಗವತ ಇತಿಹಾಸದಲ್ಲೇ ಸಿದ್ಧನಾಗಿ ನಿಂತಿದ್ದ. ನನಗೆ ಕಂಡಿರಲಿಲ್ಲ, ಅಷ್ಟೆ. ಎರಡನೆಯ ಆವೃತ್ತಿ ಮೂರೇ ನಟರದ್ದು, ಒಂದು ಗಂಟೆ ಮೂವತ್ತೈದು ನಿಮಿಷ, ಖರ್ಚು ಮೂವತ್ತೆಂಟು ಸಾವಿರದ ಆಸುಪಾಸು.

ನಾಟಕದ ನಡುಗಂಬ ಭಾರತದ ಪ್ರಶ್ನೆ. ಎಲ್ಲ ಜನರಿಗೂ ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆಯೆಂದು 1941ರ ಆಗಸ್ಟಿನ ನ್ಯೂಫೌಂಡ್‌ಲ್ಯಾಂಡ್ ಭೇಟಿಯಲ್ಲಿ ಇಬ್ಬರೂ ಹೊರಡಿಸಿದ ಅಟ್ಲಾಂಟಿಕ್ ಸನ್ನದಿನ ಮೂರನೆಯ ಅಂಶದಲ್ಲಿ ಒಪ್ಪಿದ ಚರ್ಚಿಲ್, ಮರುತಿಂಗಳೇ ಸಂಸತ್ತಿನಲ್ಲಿ ಅದು ಭಾರತಕ್ಕಾಗಿ ಬರೆದದ್ದಲ್ಲವೆಂದ. ಭಾರತದ ನಾಯಕರೊಡನೆ ಮಾತನಾಡಲು ಬ್ರಿಟನ್ ಕಳುಹಿಸಿದ್ದ ಕ್ರಿಪ್ಸ್‌ನ ಸಂಧಾನ ಮುರಿದಾಗ, ಅದನ್ನು ಇನ್ನೂ ಮುಂದುವರಿಸಬೇಕೆಂಬ ರೂಸ್‌ವೆಲ್ಟ್‌ನ ತಂತಿ 1942ರ ಏಪ್ರಿಲ್ 12ರ ನಸುಕಿನ ಮೂರು ಗಂಟೆಗೆ ಬ್ರಿಟಿಷ್ ಪ್ರಧಾನಿಯ ಹಳ್ಳಿಮನೆಯಾದ ಚೆಕರ್ಸ್ ಬಂಗಲೆಗೆ ಬಂತು. ಹಾಪ್‌ಕಿನ್ಸ್ ಅಲ್ಲಿಯೇ ಇದ್ದ. ಪದವಿಯನ್ನೇ ಬಿಟ್ಟು ಹೋಗುತ್ತೇನೆಂದು ಚರ್ಚಿಲ್ ಹಾರಾಡಿದ. ಗೆಳೆತನದ ಒಳಗೆ ನಮ್ಮ ದೇಶದ ಬಿಡುಗಡೆ ಹೇಗೆ ಸಿಕ್ಕಿಕೊಂಡಿತ್ತೆಂಬುದನ್ನು ಕಂಡ ಮೇಲೆ, ಹಾರ ಹಾಕುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಈ ದೃಶ್ಯದ ಬೀಜ ಒಂದು ಬದಿಯ ಪ್ರಯೋಗದಿಂದ ಬಂದದ್ದು. 1986ರ ಅಕ್ಟೋಬರಿನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೊರ್ಬಚೆವ್ ಎರಡು ದಿನ ಎದುರುಬದುರು ಕುಳಿತದ್ದನ್ನು ಏಕಾಂಕವಾಗಿ ಬರೆದು, ದುಭಾಷಿಗಳನ್ನೂ ಸೇರಿಸಿ ಮೂರು ವಾರ ತಾಲೀಮು ನಡೆಸಿದೆ. ಪ್ರತಿ ಮಾತೂ ಎರಡು ಬಾರಿ ಬಂದು ನಾಟಕ ಕಾಲೆಳೆಯಿತು, ಕೈಬಿಟ್ಟೆ. ಆದರೆ ದುಭಾಷಿ ಬಾಯಿ ತೆರೆಯುವ ಮುನ್ನಿನ ಮೌನವನ್ನು ಉಳಿಸಿಕೊಂಡೆ. ಈಗ ತಂತಿಯನ್ನು ಓದುವ ಮೊದಲು ಹಾಪ್‌ಕಿನ್ಸ್ ಒಂದು ನಿಮಿಷದ ಹತ್ತಿರ ಸುಮ್ಮನೆ ನಿಲ್ಲುತ್ತಾನೆ.

ನನಗೆ ಹೆಚ್ಚು ಹೆಮ್ಮೆಯಿರುವುದು ಬಹುವಚನ, ಏಕವಚನಗಳ ಬಳಕೆಯ ಬಗ್ಗೆ. ಇಂಗ್ಲಿಷಿನಲ್ಲಿ ಇಲ್ಲದ ಈ ಸವಲತ್ತನ್ನು ಮೊದಲ ಆವೃತ್ತಿಯಲ್ಲಿ ವ್ಯರ್ಥ ಮಾಡಿದ್ದೆ. ಇಬ್ಬರೂ ಕೊನೆಯವರೆಗೆ ‘ನೀವು’ ಎನ್ನುತ್ತಿದ್ದರು. ಈಗ 1943ರ ಜನವರಿಯ ಮರಾಕೆಶ್ ದೃಶ್ಯದಲ್ಲಿ, ಅಟ್ಲಾಸ್ ಬೆಟ್ಟಗಳ ಮೇಲಿನ ಸಂಜೆಯನ್ನು ತೋರಿಸಲೆಂದು, ಪೋಲಿಯೊದಿಂದ ಕಾಲುಗಳ ಬಲ ಕಳೆದುಕೊಂಡಿದ್ದ ರೂಸ್‌ವೆಲ್ಟ್‌ನನ್ನು ಗೋಪುರದ ಮೇಲಕ್ಕೆ ಹೊತ್ತು ತಂದಾಗ, ಅವನು ಮೊದಲ ಬಾರಿಗೆ ‘ನೀನು’ ಎನ್ನುತ್ತಾನೆ. ಅವನು ರಾಷ್ಟ್ರದ ಮುಖ್ಯಸ್ಥ, ಚರ್ಚಿಲ್ ದೊರೆಯ ಪ್ರಧಾನಿ. ಹಾಗಾಗಿ ಚರ್ಚಿಲ್ ‘ನೀವು’ ಬಿಡುವುದಿಲ್ಲ. ಅದೇ ವರ್ಷದ ಕೊನೆಗೆ ಟೆಹರಾನಿನಲ್ಲಿ ಸ್ಟಾಲಿನ್‌ನ ಮನಸ್ಸು ಗೆಲ್ಲಲು ರೂಸ್‌ವೆಲ್ಟ್ ಗೆಳೆಯನನ್ನು ಗೇಲಿ ಮಾಡುತ್ತಾ, “ಇವರಿಗೆ ಬೆಳಿಗ್ಗೆಯಿಂದಲೂ ಸಿಡುಕು” ಎಂದು ಬಹುವಚನಕ್ಕೆ ಮರಳುತ್ತಾನೆ. ಆ ಒಂದು ‘ಇವರಿಗೆ’ ಯಾವ ಬೈಗುಳಕ್ಕಿಂತಲೂ ಹೆಚ್ಚು ಚುಚ್ಚುತ್ತದೆ. ಸ್ಟಾಲಿನ್‌ನನ್ನು ತೊಗಲುಗೊಂಬೆಯ ನೆರಳಾಗಿ ತಂದಾಗ ಪ್ರೇಕ್ಷಕರು ನಕ್ಕು, ಆ ನೋವೇ ಕರಗಿಹೋಗಿತ್ತು. ಈಗ ಸ್ಟಾಲಿನ್ ಕುಳಿತಿರುವ ಕಡೆಯಿಂದ ನಗು ಮಾತ್ರ ಕೇಳುತ್ತದೆ.

ಕುರ್ಚಿಯ ಕಥೆ ಬೇರೆಯದೇ. ಆಸ್ಪತ್ರೆಯ ಗಾಲಿ ಕುರ್ಚಿಯನ್ನು ಬಾಡಿಗೆಗೆ ತಂದು ಮೊದಲು ಮೋಸಹೋದೆ. ಅದು ರಂಗದ ಮೇಲೆ ಹೊಳೆದು ಕಾಲವನ್ನೇ ಕೆಡಿಸಿತು. ರೂಸ್‌ವೆಲ್ಟ್ ಬಳಸುತ್ತಿದ್ದದ್ದು ಅಡುಗೆಮನೆಯಲ್ಲಿಡುವಂಥ, ಕೈಗಳಿಲ್ಲದ ಸಾದಾ ಕುರ್ಚಿಗೆ ಗಾಲಿ ಜೋಡಿಸಿದಂಥದ್ದು. ನಮ್ಮ ಬಡಗಿಯವರು ಹಳೆಯ ಮರದ ಕುರ್ಚಿಯೊಂದಕ್ಕೆ ಸಾವಿರದ ನಾನೂರು ರೂಪಾಯಿಯಲ್ಲಿ ಗಾಲಿ ಹಾಕಿಕೊಟ್ಟರು. ಅದರ ಕಿರ್ರೆನ್ನುವ ಸದ್ದನ್ನು ನಿಲ್ಲಿಸಲು ಎಣ್ಣೆ, ಗ್ರೀಸ್, ಮೇಣ ಎಲ್ಲ ಬಳಸಿದೆವು. ಕೊನೆಗೆ ಫಲಿಸಿದ ಉಪಾಯ ನಮ್ಮ ತಂಡದೊಳಗೇ ಇರಲಿ. ಎದ್ದು ನಿಲ್ಲುವ ದೃಶ್ಯಕ್ಕೆ ನಟನ ಮೊಣಕಾಲುಗಳಿಗೆ ಮರದ ಪಟ್ಟಿ ಕಟ್ಟಿ ಇಪ್ಪತ್ತು ದಿನ ನಡೆಸಿದೆವು. 1941ರ ಆಗಸ್ಟ್ 10ರ ಭಾನುವಾರ, ‘ಪ್ರಿನ್ಸ್ ಆಫ್ ವೇಲ್ಸ್’ ಹಡಗಿನ ಮೇಲೆ ರೂಸ್‌ವೆಲ್ಟ್ ಉಕ್ಕಿನ ಕಟ್ಟುಗಳನ್ನು ತೊಟ್ಟು ಮಗನ ತೋಳು ಹಿಡಿದು ನಡೆದಿದ್ದ. ನಮ್ಮಲ್ಲಿ ಮಗನ ಪಾತ್ರವಿಲ್ಲದ ಕಾರಣ ಹಾಪ್‌ಕಿನ್ಸ್‌ನ ತೋಳನ್ನು ಕೊಟ್ಟೆ. ಒಂಬತ್ತು ಹೆಜ್ಜೆ, ಸೊಂಟದಿಂದ ಎಳೆದು ಎಳೆದು ಇಡುವ ಹೆಜ್ಜೆ. ಹಡಗಿನ ಮೇಲಿನ ಪ್ರಾರ್ಥನೆಯ ಹಾಡು ಮುಗಿದೊಡನೆ ಹಾಪ್‌ಕಿನ್ಸ್ ನಮ್ಮ ಕಡೆ ತಿರುಗಿ, ಇದೇ ಹಡಗು ನಾಲ್ಕು ತಿಂಗಳಲ್ಲಿ ಮಲಯಾದ ಸಮುದ್ರದಲ್ಲಿ ಮುಳುಗಿತೆಂದು ಹೇಳುತ್ತಾನೆ. ಮೈಸೂರಿನಲ್ಲಿ ಆ ಕ್ಷಣ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು.

ಒಂಬತ್ತು ಪ್ರಯೋಗಗಳ ನಂತರ ಮೊದಲ ಆವೃತ್ತಿಯ ಸಾಲದಲ್ಲಿ ಹನ್ನೊಂದು ಸಾವಿರ ಬಾಕಿ ಇದೆ, ನಟರಿಗೆ ಪ್ರಯಾಣದ ವೆಚ್ಚದ ಮೇಲೆ ಅಷ್ಟಿಷ್ಟು ಸಂಭಾವನೆಯನ್ನೂ ಕೊಟ್ಟಿದ್ದೇನೆ. ಕೊನೆಯ ದೃಶ್ಯದಲ್ಲಿ ಮಾತ್ರ ಇನ್ನೂ ಕೈಯಾಡಿಸುತ್ತಿದ್ದೇನೆ. 1945ರ ಏಪ್ರಿಲ್ 12ರಂದು ಸತ್ತ ಗೆಳೆಯನ ಅಂತ್ಯಕ್ರಿಯೆಗೆ ಚರ್ಚಿಲ್ ಹೋಗಲಿಲ್ಲ. ಚರ್ಚಿಲ್‌ನ ಬಾಯಲ್ಲಿಟ್ಟಿದ್ದ ಎರಡು ಪುಟದ ಪ್ರಲಾಪವನ್ನು ತೆಗೆದುಹಾಕಿ, ಖಾಲಿ ಗಾಲಿ ಕುರ್ಚಿಯ ಮುಂದೆ ಒಂದೇ ವಾಕ್ಯ ಇಟ್ಟಿದ್ದೇನೆ. ಆ ವಾಕ್ಯ ‘ನೀನು’ ಎಂದು ಆರಂಭವಾಗುತ್ತದೆ.