ಲವಂಗ ನಾಲಿಗೆಯನ್ನು ಜೋಮು ಹಿಡಿಸುವ ಮೊದಲು

ಮನೆಯಲ್ಲಿ ಬಿಯರ್ ತಯಾರಿಸುವವರ ಸ್ಪರ್ಧೆಯೊಂದಕ್ಕೆ ಮೊದಲ ಬಾರಿ ತೀರ್ಪುಗಾರನಾಗಿ ಹೋದಾಗ, ಒಂದು ಕುಂಬಳಕಾಯಿ ಬಿಯರಿಗೆ 50ಕ್ಕೆ 41 ಅಂಕ ಕೊಟ್ಟಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಕೊಟ್ಟದ್ದು 27. ಇಬ್ಬರ ಅಂಕಗಳು ಏಳಕ್ಕಿಂತ ಹೆಚ್ಚು ದೂರವಿರಬಾರದೆಂಬುದು ರೂಢಿ. ಅವರು ವಾದ ಮಾಡಲಿಲ್ಲ. "ಲೋಟವನ್ನು ಹಾಗೇ ಇಡಿ, ಕಾಲು ಗಂಟೆ ಬಿಟ್ಟು ಕುಡಿಯಿರಿ" ಎಂದರು, ಅಷ್ಟೇ.

ಕಾಲು ಗಂಟೆಯ ನಂತರ ಆ ಲೋಟದಲ್ಲಿ ಬಿಯರೇ ಇರಲಿಲ್ಲ. ಚಕ್ಕೆ, ಜಾಯಿಕಾಯಿ, ಶುಂಠಿ, ಎಲ್ಲಕ್ಕಿಂತ ಮೇಲೆ ಲವಂಗ. ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚಿಕೊಂಡವರಿಗೆ ಅದರ ಗುಣ ಗೊತ್ತು: ಅದರಲ್ಲಿರುವ ಯೂಜಿನಾಲ್ ನಾಲಿಗೆಯನ್ನು ಜೋಮು ಹಿಡಿಸುತ್ತದೆ. ನನಗೆ ರುಚಿ ಎನಿಸಿದ್ದು ಆ ಜೋಮು. ಮಸಾಲೆಯ ನಡುವೆ ಹುಟ್ಟಿ ಬೆಳೆದ ನನ್ನ ಮೂಗಿಗೆ ಈ ವಿಷಯದಲ್ಲಿ ಹೆಚ್ಚಿನ ಅರ್ಹತೆಯಿದೆ ಎಂದುಕೊಂಡಿದ್ದೆ. ಪರಿಚಿತ ಪರಿಮಳ ಸಿಕ್ಕ ಖುಷಿಗೇ ಅಂಕ ಸುರಿದಿದ್ದೆ. 31ಕ್ಕೆ ಇಳಿಸಿದೆ.

ಈ ಬಿಯರಿನಲ್ಲಿ ಕುಂಬಳಕಾಯಿಯ ಪಾಲು ಎಷ್ಟು ಕಡಿಮೆ ಎಂಬುದು ಗೊತ್ತಾದದ್ದು ನಾನೇ ತಯಾರಿಸಿದಾಗ. ಇಪ್ಪತ್ತು ಲೀಟರಿಗೆ ಎರಡು ಕಿಲೋ ಸಿಹಿಗುಂಬಳವನ್ನು ಒಲೆಯಲ್ಲಿ ಸುಟ್ಟು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಜೊತೆ ನೆನೆಸಿದೆ. ತಿರುಳು ಗಂಜಿಯಾಗಿ ಧಾನ್ಯದ ಸಂದುಗಳನ್ನು ಕಟ್ಟಿಕೊಂಡಿತು, ರಸ ಇಳಿಯಲೇ ಇಲ್ಲ. ಮುಂದಿನ ಸಲ ಭತ್ತದ ಹೊಟ್ಟು ಬೆರೆಸಿದ ಮೇಲೆ ಸರಿಹೋಯಿತು. ಅಷ್ಟೆಲ್ಲ ಪಾಡುಪಟ್ಟರೂ ಕುಂಬಳ ಹಾಕದ ಬಿಯರಿನ ಪಕ್ಕದಲ್ಲಿಟ್ಟು ಕುಡಿದಾಗ ವ್ಯತ್ಯಾಸ ಹೇಳುವುದು ಕಷ್ಟವಾಯಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ಈ ಬಿಯರಿಗೆ ಮರುಜೀವ ಕೊಟ್ಟ ಬಿಲ್ ಓವೆನ್ಸ್ ಅವರಿಗೂ ಹೀಗೇ ಆಗಿತ್ತಂತೆ. ಕುಂಬಳದ ರುಚಿ ಬಾರದಿದ್ದಾಗ ಅವರು ಅಂಗಡಿಯಿಂದ ಪಂಪ್ಕಿನ್ ಪೈ (ಹಿಟ್ಟಿನ ಹೊರಪದರದಲ್ಲಿ ಕುಂಬಳ ತುಂಬಿ ಬೇಯಿಸುವ ಸಿಹಿತಿಂಡಿ) ಮಸಾಲೆ ತಂದು ಬೆರೆಸಿದರು. ಅಮೆರಿಕದವರು ಇಂದಿಗೂ 'ಕುಂಬಳದ ರುಚಿ' ಎಂದು ಮೆಚ್ಚುವುದು ಆ ಮಸಾಲೆಯನ್ನೇ.

ಆದ್ದರಿಂದ ಈಗ ನಾನು ಮಸಾಲೆಯ ಕೆಳಗೆ ಏನಿದೆ ಎಂದು ಹುಡುಕುತ್ತೇನೆ. ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು, ಸುಮಾರು 12 ಡಿಗ್ರಿಗೆ ಏರುವವರೆಗೆ ಕಾಯುತ್ತೇನೆ. ಕೊರೆಯುವ ತಣ್ಣಗಿದ್ದರೆ ದೋಷಗಳೆಲ್ಲ ಅಡಗಿ ಕೂರುತ್ತವೆ. ಸುರಿದ ಕೂಡಲೇ ಮೂಸುತ್ತೇನೆ, ಏಕೆಂದರೆ ಹಗುರವಾದ ವಾಸನೆಗಳು ಮೊದಲ ಕೆಲವು ಕ್ಷಣಗಳಲ್ಲೇ ಹಾರಿಹೋಗುತ್ತವೆ. ಬಣ್ಣ, ನೊರೆಗಳಿಗೆ ಇರುವುದು ಮೂರೇ ಅಂಕ, ಅಲ್ಲಿ ತಡವಿಲ್ಲ. ರುಚಿಗೆ 20. ಮೊದಲ ಗುಟುಕಿನಲ್ಲಿ ಮಸಾಲೆ ಸಿಗಲಿ, ಪರವಾಗಿಲ್ಲ. ನುಂಗಿದ ಮೇಲೆ ಹುರಿದ ಬ್ರೆಡ್ಡಿನಂಥ ಮಾಲ್ಟ್ ಬಾಯಲ್ಲಿ ಉಳಿಯಬೇಕು. ಒಣಶುಂಠಿಯ ಉರಿ ಮಾತ್ರ ಗಂಟಲಲ್ಲಿ ಕುಳಿತರೆ ಅದಕ್ಕಿಂತ ಕಷಾಯವೇ ವಾಸಿ.

ಬೆಣ್ಣೆಯ ವಾಸನೆ ಬಂದರೆ ಇನ್ನೂ ಎಚ್ಚರ. ಪೈಯ ಹೊರಪದರದ ಪರಿಮಳವೆಂದು ಮನಸ್ಸು ಬೇಗ ಒಪ್ಪಿಕೊಳ್ಳುತ್ತದೆ. ಹಲವು ಬಾರಿ ಅದು ಡಯಾಸಿಟೈಲ್ ಎಂಬ ರಾಸಾಯನಿಕ, ಯೀಸ್ಟ್ ಕೆಲಸ ಮುಗಿಸದೆ ಬಿಟ್ಟ ಗುರುತು.

ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ನೀರು, ಉಪ್ಪಿಲ್ಲದ ಬಿಸ್ಕತ್ತು. ಲವಂಗ ಅತಿಯಾಗಿದೆ ಎನಿಸಿದ ಬಾಟಲಿಯನ್ನು ಎಲ್ಲಕ್ಕಿಂತ ಕೊನೆಗೆ ಸರಿಸುತ್ತೇನೆ. ಇಲ್ಲದಿದ್ದರೆ ಅದರ ಹಿಂದೆ ಬರುವ ಸೌಮ್ಯವಾದ ಬಿಯರಿಗೆ ಅನ್ಯಾಯವಾಗುತ್ತದೆ. ಅಂದು ನನ್ನಿಂದ ಎರಡು ಬಿಯರುಗಳಿಗೆ ಹಾಗಾಯಿತು ಎಂಬ ಅನುಮಾನ ನನಗಿನ್ನೂ ಇದೆ.