ರಾಂಡಮ್ ಮ್ಯಾಕ್ ಕಾಲದಲ್ಲಿ ಜಾತ್ರೆಯ ಜನ ಎಣಿಸೋದು ಹೇಗೆ

ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕುವವರಿಗೆ ಗೊತ್ತಾಗಬೇಕಾದ್ದು ಇಷ್ಟೇ: ನಮ್ಮ ಸಾಲಿಗೆ ಎಷ್ಟು ಜನ ಬಂದರು, ಯಾವ ಹೊತ್ತಿಗೆ ಜಾಸ್ತಿ? ಜಾತ್ರೆ ನಡೆಯುವ ಬಿಡಕಿ ಬಯಲಿಗೆ ಬಾಗಿಲಿಲ್ಲ, ನಿಂತು ಎಣಿಸೋದು ಆಗದ ಮಾತು. ಹಾಗಾಗಿ ಜೇಬಿನಲ್ಲಿರುವ ಮೊಬೈಲ್ ಎಣಿಸೋಣ ಅನ್ನುವ ಯೋಚನೆ ಬರುತ್ತದೆ. ವೈಫೈ ಆನ್ ಇದ್ದ ಮೊಬೈಲ್ ಆಗಾಗ "ಹತ್ತಿರ ಯಾವ ನೆಟ್‌ವರ್ಕ್ ಇದೆ?" ಅಂತ ಕೂಗುತ್ತದೆ. ಇದೇ ಪ್ರೋಬ್ ರಿಕ್ವೆಸ್ಟ್. ಯಾವುದಕ್ಕೂ ಕನೆಕ್ಟ್ ಆಗದಿದ್ದರೂ ಈ ಕೂಗು ನಮ್ಮ ಕಿವಿಗೆ ಬೀಳುತ್ತದೆ.

ಮೊದಲೆಲ್ಲ ಆ ಕೂಗಿನಲ್ಲಿ ಮೊಬೈಲಿನ ನಿಜವಾದ ಮ್ಯಾಕ್ ಅಡ್ರೆಸ್ (ವೈಫೈ ಉಪಕರಣಕ್ಕೆ ಕಂಪನಿ ಕೊಟ್ಟ, ಅಂಕಿ-ಅಕ್ಷರ ಸೇರಿದ ಗುರುತು) ಇರುತ್ತಿತ್ತು, ಒಂದು ಅಡ್ರೆಸ್ ಅಂದರೆ ಒಬ್ಬ ಮನುಷ್ಯ ಅಂತ ಲೆಕ್ಕ ಹಾಕಿದರೆ ನಡೆಯುತ್ತಿತ್ತು. 2014ರಲ್ಲಿ ಐಫೋನಿನ ಐಒಎಸ್ 8 ಬಂದಾಗ ಆಪಲ್ ಹುಡುಕಾಟದ ಸಮಯದಲ್ಲಿ ಸುಳ್ಳು ಅಡ್ರೆಸ್, ಅಂದರೆ ಮೊಬೈಲ್ ತಾನೇ ಹುಟ್ಟಿಸಿಕೊಂಡ ರಾಂಡಮ್ ಅಡ್ರೆಸ್, ಕೊಡಲು ಶುರು ಮಾಡಿತು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ನೆಟ್‌ವರ್ಕಿಗೆ ಸೇರುವಾಗಲೂ ಸುಳ್ಳು ಅಡ್ರೆಸ್ಸೇ. ಹುಡುಕಾಟದ ಸುಳ್ಳು ಅಡ್ರೆಸ್ಸಂತೂ ಆಗಾಗ ಬದಲಾಗುತ್ತಲೇ ಇರುತ್ತದೆ. ಹಳೆ ಸಾಫ್ಟ್‌ವೇರ್ ಇವತ್ತು ಹತ್ತು ಸಾವಿರ ಗ್ರಾಹಕರು ಅಂತ ತೋರಿಸಿದರೆ ಕುಣಿದಾಡಬೇಡಿ. ಬಳೆ ಅಂಗಡಿ ಮುಂದೆ ಹೆಂಡತಿಗೆ ಕಾಯುತ್ತಾ ನಿಂತ ಒಬ್ಬನೇ ಮನುಷ್ಯ ಇಪ್ಪತ್ತು ಜನರಾಗಿ ಲೆಕ್ಕಕ್ಕೆ ಬಿದ್ದಿರಬಹುದು.

ಅದಕ್ಕೇ ಯಾರು ಬಂದರು ಅನ್ನೋದನ್ನು ಪೂರ್ತಿ ಬಿಟ್ಟುಬಿಡಿ. ಎಷ್ಟು ಜನ ಅನ್ನೋದಷ್ಟೇ ಹಿಡಿಯಿರಿ.

ಸಾಮಾನು ಜಾಸ್ತಿ ಬೇಡ. ಒಂದು ಸಾದಾ ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಸರ್ಕ್ಯೂಟ್), ಒಂದು ಪವರ್ ಬ್ಯಾಂಕ್. ಬೋರ್ಡನ್ನು ಪ್ರಾಮಿಸ್ಕ್ಯುವಸ್ ಮೋಡಿಗೆ, ಅಂದರೆ ತನಗಲ್ಲದ ಸಿಗ್ನಲ್ಲನ್ನೂ ಕೇಳುವ ಸ್ಥಿತಿಗೆ, ಹಾಕಿದರೆ ಸುತ್ತಲಿನ ಕೂಗೆಲ್ಲ ಕೇಳುತ್ತದೆ. ಕೇಳುವುದು ವೈಫೈನ 2.4 ಗಿಗಾಹರ್ಟ್ಸ್ ಪಟ್ಟಿ ಮಾತ್ರ, ಅದೂ ಒಂದು ಸಲಕ್ಕೆ ಒಂದೇ ಚಾನೆಲ್. 1, 6, 11 ಈ ಮೂರು ಚಾನೆಲ್‌ಗಳ ಮೇಲೆ ಸುತ್ತುತ್ತಾ ಇರುವ ಹಾಗೆ ಮಾಡಿ, ಸಾಕು.

ಈಗ ಬಂದ ಅಡ್ರೆಸ್ಸಿನ ಎರಡನೆಯ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ರಾಂಡಮ್ ಅಡ್ರೆಸ್ ಅಂತ ತಿಳಿಯಿರಿ. 'ಡಿಎ' ಅಂತ ಶುರುವಾದರೆ ಎರಡನೆಯದು ಎ, ಅಂದರೆ ಮೊಬೈಲ್ ತಾನೇ ಹುಟ್ಟಿಸಿಕೊಂಡಿದ್ದು. 'ಬಿ8' ಅಂತ ಶುರುವಾದರೆ ಕಂಪನಿ ಕೊಟ್ಟಿದ್ದು. ಇಂಥವು ಹಳೆ ಫೋನು, ಸಿಸಿ ಕ್ಯಾಮೆರಾ, ಪ್ರಿಂಟರ್, ಪಕ್ಕದಂಗಡಿ ಟಿವಿ ಆಗಿರೋದೇ ಜಾಸ್ತಿ. ಇವನ್ನು ಬೇರ್ಪಡಿಸಲು ಸುಲಭದ ಉಪಾಯ ಇದೆ. ಬೆಳಗಿನ ಜಾವ ಮೂರು ಗಂಟೆಗೆ ಯಾವ ಅಡ್ರೆಸ್ ಕಾಣಿಸುತ್ತದೋ ಅದು ಗ್ರಾಹಕ ಅಲ್ಲ. ಪಟ್ಟಿಯಿಂದ ಕಿತ್ತುಹಾಕಿ.

ರಾಂಡಮ್ ಅಡ್ರೆಸ್ಸುಗಳಲ್ಲಿ ಒಂದೇ ಫೋನ್ ಎರಡು ಮೂರು ಸಲ ಸೇರಿಕೊಂಡಿರುತ್ತದೆ, ಅದನ್ನು ಸ್ವಲ್ಪ ಮಟ್ಟಿಗೆ ಹಿಡಿಯಬಹುದು. ಪ್ರತಿ ಕೂಗಿನಲ್ಲೂ 0ಯಿಂದ 4095ರವರೆಗೆ ಓಡುವ ಒಂದು ಕ್ರಮಸಂಖ್ಯೆ ಇರುತ್ತದೆ. ಒಂದು ಅಡ್ರೆಸ್ 2210ಕ್ಕೆ ನಿಂತು, ಅದೇ ಕ್ಷಣದಲ್ಲಿ ಇನ್ನೊಂದು ಅಡ್ರೆಸ್ 2213ರಿಂದ ಶುರುವಾಗಿ, ಎರಡರ ಸಿಗ್ನಲ್ಲೂ ಒಂದೇ ಮಟ್ಟದಲ್ಲಿದ್ದರೆ ಅದು ಒಂದೇ ಫೋನ್ ಇರೋದೇ ಹೆಚ್ಚು. ಆದರೆ ಇದನ್ನೇ ನಂಬಿ ಕೂರಬೇಡಿ, ಅಡ್ರೆಸ್ ಬದಲಿಸುವಾಗ ಹೊಸ ಫೋನುಗಳು ಈ ಸಂಖ್ಯೆಯನ್ನೂ ಬದಲಿಸಿಬಿಡುತ್ತವೆ. ಐದೈದು ನಿಮಿಷದ ಅವಧಿಯೊಳಗೆ ಡಬ್ಬಲ್ ಎಣಿಕೆ ಕಡಿಮೆ ಮಾಡಲಷ್ಟೇ ಬಳಸಿ, ಆಮೇಲೆ ಎಸೆದುಬಿಡಿ. ಇಡೀ ದಿನದ ಒಟ್ಟು ಅಡ್ರೆಸ್ ಎಷ್ಟು ಅಂತ ಮಾತ್ರ ಯಾವತ್ತೂ ಕೂಡಿಸಬೇಡಿ, ಆ ಸಂಖ್ಯೆಗೆ ಅರ್ಥವೇ ಇಲ್ಲ.

ಮುಖ್ಯವಾದ ಕೆಲಸ ಇನ್ನು ಮೇಲಿದೆ, ಇದಕ್ಕೆ ಯಾವ ಯಂತ್ರವೂ ಬೇಡ. ಕೈಯಲ್ಲಿ ಒತ್ತುವ ಕೌಂಟರ್ ಹಿಡಿದು ಅರ್ಧ ಗಂಟೆ ನಿಂತು ಜನರನ್ನು ಎಣಿಸಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ನೂಕುನುಗ್ಗಲಿನಲ್ಲಿ ಒಮ್ಮೆ. ಅದೇ ಅರ್ಧ ಗಂಟೆಯಲ್ಲಿ ಬೋರ್ಡ್ ಎಷ್ಟು ತೋರಿಸಿತು ನೋಡಿ, ಕೈಯೆಣಿಕೆಯನ್ನು ಅದರಿಂದ ಭಾಗಿಸಿ. ಬಂದ ಅನುಪಾತದಿಂದ ಉಳಿದ ಹೊತ್ತಿನ ಬೋರ್ಡ್ ಲೆಕ್ಕವನ್ನು ಗುಣಿಸಿ. ಅಜ್ಜಿಯಂದಿರ ಹತ್ತಿರ ಫೋನ್ ಇರುವುದಿಲ್ಲ, ಕೆಲವರ ಹತ್ತಿರ ಎರಡಿರುತ್ತವೆ, ಎಷ್ಟೋ ಜನ ವೈಫೈ ಆಫ್ ಮಾಡಿರುತ್ತಾರೆ, ಈ ಎಲ್ಲ ಏರುಪೇರೂ ಆ ಒಂದು ಅನುಪಾತದಲ್ಲಿ ಮುಗಿದುಹೋಗುತ್ತದೆ. ಮೂರು ಹೊತ್ತಿಗೂ ಅನುಪಾತ ಬೇರೆ ಬೇರೆ ಬಂದರೆ ಮೂರನ್ನೂ ಇಟ್ಟುಕೊಳ್ಳಿ. ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ, ಅಷ್ಟರಲ್ಲಿ ಜನರ ಫೋನೂ ಬದಲಾಗಿರುತ್ತದೆ, ಹಾಗಾಗಿ ಹಳೆ ಅನುಪಾತ ಮುಂದಿನ ಸಲಕ್ಕೆ ಬರುವುದಿಲ್ಲ.

ಸಿಗ್ನಲ್ಲಿಗೂ ಒಂದು ಗಡಿ ಹಾಕಿ. ಮೈನಸ್ 70 ಡಿಬಿಎಂಗಿಂತ (ಸಿಗ್ನಲ್ಲಿನ ಬಲ ಅಳೆಯುವ ಮಾನ) ಕ್ಷೀಣವಾಗಿದ್ದನ್ನು ಬಿಟ್ಟು ನೋಡಿ, ಆಮೇಲೆ ನಿಮ್ಮ ಜಾಗಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಿ. ಇಲ್ಲದಿದ್ದರೆ ರಸ್ತೆಯಲ್ಲಿ ತುಂಬಿದ ಬಸ್ಸೊಂದು ನಿಂತರೆ ಸಾಕು, ಗ್ರಾಫ್ ಆಕಾಶಕ್ಕೆ ಏರುತ್ತದೆ. ಮಳೆಗಾಲದಲ್ಲಿ ಇನ್ನೊಂದು ತಮಾಷೆ. ಜೋರು ಮಳೆ ಬಂದರೆ ಅಂಗಡಿ ಮಾಡಿನಡಿ ಜನ ತುಂಬುತ್ತಾರೆ, ವ್ಯಾಪಾರ ಸೊನ್ನೆ.

ಹೋಂಸ್ಟೇ ಅಥವಾ ಗೋಕರ್ಣದ ಕಡೆ ಕೆಫೆ ಇಟ್ಟವರಿಗೆ ಬೇಕಾದ್ದು ಬೇರೆ. ಹಳೆ ಗಿರಾಕಿ ವಾಪಸ್ ಬಂದರಾ ಅನ್ನೋದು. ಇದಕ್ಕೆ ಕದ್ದು ಕೇಳುವುದು ಬೇಡ, ನಿಮ್ಮ ವೈಫೈಗೆ ಅವರೇ ಸೇರುವ ಹಾಗೆ ಮಾಡಿ. ಸಾಮಾನ್ಯವಾಗಿ ಆಂಡ್ರಾಯ್ಡ್ ಒಂದು ವೈಫೈ ಹೆಸರಿಗೆ ಒಂದೇ ಸುಳ್ಳು ಅಡ್ರೆಸ್ ಇಟ್ಟುಕೊಳ್ಳುತ್ತದೆ. ಅದಕ್ಕೇ ಹಬ್ಬಕ್ಕೊಂದು ಆಫರ್ರಿಗೊಂದು ಅಂತ ವೈಫೈ ಹೆಸರು ಬದಲಿಸಬೇಡಿ. ಪಾಸ್‌ವರ್ಡನ್ನೂ ಇಡಿ. ಐಒಎಸ್ 18ರಿಂದ ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕುಗಳಲ್ಲಿ ಐಫೋನ್ ಸುಮಾರು ಎರಡು ವಾರಕ್ಕೊಮ್ಮೆ ಅಡ್ರೆಸ್ ಬದಲಿಸುತ್ತದೆ, ಒಳ್ಳೆ ಭದ್ರತೆ ಇದ್ದರೆ ಒಂದೇ ಇಡುತ್ತದೆ. ಇದಕ್ಕಿಂತ ಗಟ್ಟಿ ದಾರಿ ಅಂದರೆ ರೂಮಿಗೊಂದು ಕೋಡ್ ಕೊಟ್ಟು ಕೋಡನ್ನೇ ಎಣಿಸೋದು, ಆಗ ಮ್ಯಾಕ್ ಗೊಡವೆಯೇ ಇಲ್ಲ.

ಅಡ್ರೆಸ್ಸನ್ನು ಹ್ಯಾಶ್ ಮಾಡಿ, ಅಂದರೆ ಗಣಿತದ ಸೂತ್ರದಿಂದ ಬೇರೆ ಸಂಕೇತವಾಗಿಸಿ, ಇಟ್ಟಿದ್ದೇನೆ, ಅದು ಯಾರ ಗುರುತೂ ಅಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಇದು ಸುಳ್ಳು. ಮ್ಯಾಕ್ ಅಂದರೆ ಬರೀ 48 ಬಿಟ್, ಸಾಧ್ಯವಿರುವ ಅಡ್ರೆಸ್ಸನ್ನೆಲ್ಲ ಹ್ಯಾಶ್ ಮಾಡಿ ಹೋಲಿಸಿ ಮೂಲ ಅಡ್ರೆಸ್ ಹೊರತೆಗೆಯಬಹುದು. ಬೋರ್ಡಿನ ಮೆಮೊರಿಯಲ್ಲೇ ಎಣಿಸಿ, ಸಂಖ್ಯೆಯನ್ನಷ್ಟೇ ಉಳಿಸಿ. ಸುಮ್ನೆ ಒಂದು ಫಲಕವನ್ನೂ ಬರೆದು ಹಾಕಿ: ಇಲ್ಲಿ ವೈಫೈ ಸಿಗ್ನಲ್ ಎಣಿಸುತ್ತೇವೆ, ಬೇಡದಿದ್ದರೆ ಆಫ್ ಮಾಡಿ. ಗಿರಾಕಿಯ ಹೆಸರು, ನಂಬರ್ ತೆಗೆದುಕೊಂಡರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಒಮ್ಮೆ ಓದಿಕೊಳ್ಳಿ. ಕಾರವಾರದವರಾದರೆ ಇನ್ನೊಂದು ಮಾತು: ಅರ್ಗಾ ಕಡೆ ನೌಕಾನೆಲೆಯ ಬೇಲಿ ಹತ್ತಿರ ಈ ಪ್ರಯೋಗ ಮಾಡಲು ಹೋಗಬೇಡಿ, ಅಲ್ಲಿ ಕೂತು ರೇಡಿಯೋ ಕೇಳುತ್ತಿದ್ದೆ ಅಂದರೆ ಯಾರೂ ನಗುವುದಿಲ್ಲ.

ಇನ್ನು ಕುಮಟಾ ಪೇಟೆಯಲ್ಲಿ ಒಂದೇ ಬಾಗಿಲಿನ ಅಂಗಡಿ ಇಟ್ಟುಕೊಂಡವರಿಗೆ ಇದು ಯಾವುದೂ ಬೇಡ. ಬಾಗಿಲ ಚೌಕಟ್ಟಿಗೆ ಒಂದು ಇನ್ಫ್ರಾರೆಡ್ ಕೌಂಟರ್ ಹಾಕಿ, ಬಂದ ಸಂಖ್ಯೆಯನ್ನು ಎರಡರಿಂದ ಭಾಗಿಸಿ. ಒಳಗೆ ಬಂದವರು ಹೊರಗೂ ಹೋಗಬೇಕಲ್ವಾ.