ಅಡಿಕೆ ಅಂಗಳದಲ್ಲಿ ಕರಾಟೆ: ಗುರುವಿಲ್ಲದೆ ಹಸಿರು ಬೆಲ್ಟಿನವರೆಗೆ

ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದ ಬೆಲ್ಟ್ ಪರೀಕ್ಷೆಯಲ್ಲಿ ನನಗೆ ಹಳದಿ, ಕಿತ್ತಳೆ ಎರಡನ್ನೂ ದಾಟಿಸಿ ನೇರವಾಗಿ ಹಸಿರು ಬೆಲ್ಟ್ ಕೊಟ್ಟರು. "ಒಬ್ಬನೇ ಕಲಿತರೆ ತಪ್ಪು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಯಾರಿಂದಲೂ ತಿದ್ದಲಾಗುವುದಿಲ್ಲ" ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಬ್ಲ್ಯಾಕ್ ಬೆಲ್ಟ್ ಗೆಳೆಯನೂ ಅಲ್ಲೇ ಕೂತಿದ್ದ. ಅವನ ಮುಖ ನೋಡಿದ ಮೇಲೆಯೇ ಇದನ್ನು ಬರೆಯುವ ಉತ್ಸಾಹ ಬಂದದ್ದು.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಕರಾಟೆ ತರಗತಿ ಇರುವುದು ಪೇಟೆಯಲ್ಲಿ, ಅದೂ ಸಂಜೆ. ಅದು ಮುಗಿಯುವ ಹೊತ್ತಿಗೆ ನಮ್ಮೂರ ಕೊನೆಯ ಬಸ್ಸು ಹೋಗಿರುತ್ತದೆ. ಹಾಗಾಗಿ ಮನೆಯಲ್ಲೇ ಒಬ್ಬನೇ ಕಲಿಯಲು ಶೋಟೊಕಾನ್ ಎಂಬ ಕರಾಟೆ ಶೈಲಿ ಹಿಡಿದೆ. ಕಾಟಾ ಎಂದರೆ ಹೆಜ್ಜೆ, ತಡೆ, ಹೊಡೆತಗಳನ್ನು ಕ್ರಮವಾಗಿ ಜೋಡಿಸಿದ ಸರಣಿ. ಅದರ ಹೆಯಾನ್ ಎಂಬ ಆರಂಭಿಕ ಕಾಟಾಗಳ ಮೂಲರೂಪವನ್ನು ಕರಾಟೆ ಗುರು ಅಂಕೊ ಇತೊಸು ಜಪಾನಿನ ಒಕಿನಾವಾದ ಶಾಲಾ ಮಕ್ಕಳಿಗೆಂದು ಕಟ್ಟಿದ್ದು. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಲಿಸಲು ಆಗುವುದಾದರೆ ಒಬ್ಬ ಅಡಿಕೆ ಬೆಳೆಗಾರನಿಗೂ ಬಂದೀತು ಎಂಬುದು ನನ್ನ ಲೆಕ್ಕ.

ವಿಡಿಯೊ ಎಲ್ಲರೂ ನೋಡುತ್ತಾರೆ. ಬೆನ್ನ ಹಿಂದಿನಿಂದ ತೆಗೆದದ್ದನ್ನೇ ನೋಡಿ, ಇಲ್ಲವಾದರೆ ಎಡಬಲ ಅದಲುಬದಲಾಗುತ್ತದೆ. ನನ್ನನ್ನು ತಿದ್ದಿದ್ದು ಮಾತ್ರ ಬೂದಿ. ಶೋಟೊಕಾನ್ ಕಾಟಾ ಎಲ್ಲಿ ಶುರುವಾಯಿತೋ ಅಲ್ಲೇ ಮುಗಿಯಬೇಕಲ್ಲ? ಹಂಡೆ ಒಲೆಯ ಬೂದಿಯನ್ನು ಜರಡಿ ಹಿಡಿದು ಅಂಗಳದ ಮೇಲೆ ತೆಳ್ಳಗೆ ಹರಡಿ, ನಿಂತ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ, ಮೊದಲ ಕಾಟಾ ಹೆಯಾನ್ ಶೋದಾನಿನ 21 ಎಣಿಕೆಯನ್ನೂ ಮುಗಿಸುತ್ತಿದ್ದೆ. ಮೊದಮೊದಲು ಗುರುತಿಗಿಂತ ಎರಡೂವರೆ ಅಡಿ ಮುಂದೆ ನಿಂತಿರುತ್ತಿದ್ದೆ. ಅಂದರೆ ಹೋಗುವಾಗಿನ ಮೂರು ಆಗೆ ಉಕೆ (ಮೇಲ್ತಡೆ) ಹೆಜ್ಜೆಗಿಂತ ಬರುವಾಗಿನ ಮೂರು ಓಯಿ ಝುಕಿ (ಹೆಜ್ಜೆಯಿಟ್ಟು ಗುದ್ದುವುದು) ಹೆಜ್ಜೆ ಗಿಡ್ಡ. ಪಕ್ಕಕ್ಕೆ ಸರಿದಿದ್ದರೆ ಬಹುಪಾಲು 270 ಡಿಗ್ರಿ ತಿರುಗುವಾಗ ಕಾಲಿಟ್ಟ ಜಾಗವೇ ತಪ್ಪು. ಬೂದಿಯಲ್ಲಿ ಪಾದದ ಅಚ್ಚು ಇನ್ನೂ ಹೆಚ್ಚು ಹೇಳುತ್ತದೆ. ಮುಂಗಾಲು ಬಾಗಿಸಿ ನಿಲ್ಲುವ ಜೆಂಕುತ್ಸು ದಾಚಿಯಲ್ಲಿ ಎರಡು ಪಾದಗಳ ನಡುವೆ ಭುಜದಗಲ ಇರಬೇಕಾದಲ್ಲಿ ನನ್ನವು ಒಂದೇ ಗೆರೆಯ ಮೇಲಿದ್ದವು. ಹೊಡೆತಕ್ಕೆ ದೇಹ ಓಲಾಡುತ್ತಿದ್ದ ಕಾರಣ ಆಗ ತಿಳಿಯಿತು. ಸಿಮೆಂಟಿನ ಅಂಗಳದಲ್ಲಿ ತಿರುಗಿ ತಿರುಗಿ ಮಂಡಿ ನೋವು ಹಿಡಿದಿದ್ದೂ ಸಗಣಿ ಸಾರಿಸಿದ ನೆಲಕ್ಕೆ ಬಂದ ಮೇಲೆ ಇಳಿಯಿತು.

ಕೊಯ್ಲಿನ ಕಾಲದಲ್ಲಿ ಇದೆಲ್ಲ ಬಂದ್. ಅಡಿಕೆ ಒಣಗಲು ಹಾಕಿದ ಅಂಗಳದಲ್ಲಿ ಕಾಲಿಟ್ಟರೆ ಅಪ್ಪಯ್ಯ ಬಿಡುತ್ತಾರೆಯೇ? ಕೊಟ್ಟಿಗೆಯ ಪಕ್ಕಕ್ಕೆ ಹೋದೆ. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿ, "ಏನು ಮಾರಾಯ, ಈ ಸಲ ಯಕ್ಷಗಾನ ಮೇಳಕ್ಕೆ ಸೇರುತ್ತೀಯಾ? ಹೆಜ್ಜೆಗೆ ತಾಳವೇ ಇಲ್ಲವಲ್ಲ!" ಎಂದರು. ಕೇಳಿಸದವನಂತೆ ಎರಡನೆಯ ಕಾಟಾ ಹೆಯಾನ್ ನಿದಾನ್ ಮುಂದುವರಿಸಿದೆ.

ದುಡ್ಡು ಹೋಗಿದ್ದು ಮಕಿವಾರಾಕ್ಕೆ, ಅಂದರೆ ಗುದ್ದಿ ಅಭ್ಯಾಸ ಮಾಡಲು ನೆಡುವ ಕಂಬಕ್ಕೆ. ಮೊದಲು ಎರಡೂವರೆ ಸಾವಿರ ಕೊಟ್ಟು ಪಂಚಿಂಗ್ ಬ್ಯಾಗ್ ತರಿಸಿ ಮರಳು ತುಂಬಿದೆ. ವಾರದೊಳಗೆ ಮರಳು ತಳಕ್ಕೆ ಕೂತು ಕಲ್ಲಾಯಿತು, ಮಳೆಗಾಲದಲ್ಲಿ ಹೊಲಿಗೆಯೂ ಬಿಟ್ಟಿತು. ಆಮೇಲೆ ಅಕೇಶಿಯಾ ಹಲಗೆ ನೆಟ್ಟೆ. ಅದು ಬಾಗುವುದೇ ಇಲ್ಲ. ಮಣಿಕಟ್ಟು ಊದಿ, ವೈದ್ಯರಿಗೂ ಎಕ್ಸ್‌ರೇಗೂ ಸಾವಿರದೈನೂರರ ಹತ್ತಿರ ಆಯಿತು. ಹಲಗೆಯನ್ನು ಗೆದ್ದಲು ತಿಂದಿತು. ನಡುವೆ ಪಿವಿಸಿ ಪೈಪನ್ನೂ ನೆಟ್ಟು ನೋಡಿದೆ, ಒಂದೇ ಗ್ಯಾಕು ಝುಕಿಗೆ (ಹಿಂದಿನ ಕೈಯ ಗುದ್ದಿಗೆ) ಸೀಳಿತು.

ಕೊನೆಗೆ ಕೈ ಹಿಡಿದದ್ದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ. ಬಲಿತ ಮರದ್ದೇ ಆಗಬೇಕು, ಎಳೆಯದು ಜೋತುಬೀಳುತ್ತದೆ. ಒಳಗಿನ ತಿರುಳನ್ನು ಕತ್ತಿಯಿಂದ ಕೆರೆದು ತೆಗೆದು, ಲಾರಿಯ ಪಾಟಾದ ಹಾಗೆ ಉದ್ದದ್ದರ ಹಿಂದೆ ಗಿಡ್ಡದ್ದು, ಅದರ ಹಿಂದೆ ಇನ್ನೂ ಗಿಡ್ಡದ್ದು ಇಟ್ಟು ಕಟ್ಟಿದೆ. ಬುಡ ಗಟ್ಟಿ, ತುದಿ ಮೆದು. ಹೊಡೆದರೆ ಮೂರು ನಾಲ್ಕು ಬೆರಳು ಹಿಂದೆ ಹೋಗಿ ಮರಳುತ್ತದೆ. ದಬ್ಬೆಗಳನ್ನು ಕಟ್ಟುವ ಮೊದಲು ಏನು ಮಾಡುತ್ತೇನೆ, ನಡುವೆ ಏನು ಇಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಗುಂಡಿಗೆ ಮಣ್ಣಿನ ಬದಲು ಜಂಬಿಟ್ಟಿಗೆ ಚೂರು ಬಡಿಯಿರಿ, ನಮ್ಮ ಮಳೆಗೂ ಅಲುಗುವುದಿಲ್ಲ. ಹೊಡೆಯುವ ಜಾಗಕ್ಕೆ ಮೊದಲು ತೆಂಗಿನ ನಾರಿನ ಹಗ್ಗ ಸುತ್ತಿದ್ದೆ. ಗೆಣ್ಣಿನ ಚರ್ಮ ಸುಲಿದು ಕೀವಾಯಿತು. ಈಗ ಮಡಚಿದ ಅಡಿಕೆ ಹಾಳೆ, ಮೇಲೆ ಸೈಕಲ್ ಟ್ಯೂಬು. ದಬ್ಬೆಯ ಅಂಚನ್ನು ಮಾತ್ರ ಚೆನ್ನಾಗಿ ಉಜ್ಜಿ. ಅದರ ಸಿಬಿರು ಹೊಕ್ಕರೆ ಸೂಜಿಗೂ ಸಿಗುವುದಿಲ್ಲ, ಒಳಗೇ ಮುರಿಯುತ್ತದೆ. ಒಟ್ಟು ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ಒಬ್ಬನೇ ಕಲಿಯಲು ಸಾಧ್ಯವೇ ಇಲ್ಲದ್ದು ಎದುರಾಳಿಯಿಂದ ಎಷ್ಟು ಅಂತರದಲ್ಲಿರಬೇಕು ಎಂಬುದು. ಮಕಿವಾರಾ ತಿರುಗಿ ಹೊಡೆಯುವುದಿಲ್ಲ. ಅದಕ್ಕೆ ಅಕ್ಕನ ಮಗನನ್ನು ಹಿಡಿದೆ. ಮುರಿದ ಬಿದಿರಿನ ದೋಟಿಯ ತುದಿಗೆ ಹಳೆಯ ಚಾದರ ಸುತ್ತಿ, ಎದೆಗೆ ತಿವಿಯಲು ಹೇಳಿದೆ. ಹಿಂದೆ ಸರಿಯಬಾರದು, ಓರೆಯಾಗಿ ಒಳಗೆ ನುಗ್ಗಬೇಕು. ಹುಡುಗನಿಗೆ ಭಾರೀ ಖುಷಿ. "ಮಾವ, ಇನ್ನೊಂದು ಸಲ" ಎನ್ನುತ್ತಿದ್ದಂತೆ ಹೇಳದೆಯೇ ತಿವಿಯುವುದನ್ನು ಕಲಿತುಕೊಂಡ, ನನಗೆ ಅದೇ ಬೇಕಿತ್ತು. ಆದರೂ ಪರೀಕ್ಷೆಯ ಕುಮಿತೆಯಲ್ಲಿ (ಎದುರಾಳಿಯ ಜೊತೆಗಿನ ಸೆಣಸಾಟದಲ್ಲಿ) ನನ್ನ ಅರ್ಧ ವಯಸ್ಸಿನ ಹುಡುಗ ಎರಡು ಒದೆ ಹಾಕಿಯೇ ಹಾಕಿದ. ದೋಟಿಗೆ ಕಾಲಿರುವುದಿಲ್ಲವಲ್ಲ! ಕಾಟಾ ಮುಗಿದಾಗ ಮಾತ್ರ ಪರೀಕ್ಷಕರು ನೆಲ ನೋಡಿ, ಮತ್ತೆ ನನ್ನನ್ನು ನೋಡಿ, "ಯಾರ ಹತ್ತಿರ ಕಲಿತದ್ದು?" ಎಂದು ಕೇಳಿದರು. ಹೇಳಿದೆ. ನಂಬಲಿಲ್ಲ, ಇನ್ನೊಮ್ಮೆ ಮಾಡಿಸಿದರು.

ಸಮವಸ್ತ್ರ, ಪರೀಕ್ಷೆಯ ಶುಲ್ಕ, ಬಸ್ಸು, ಹಾಳಾದ ಬ್ಯಾಗು ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಹನ್ನೆರಡು ಸಾವಿರ ಆಗಿರಬಹುದು.

ಈಗ ಟೆಕ್ಕಿ ಶೋದಾನ್ ಎಂಬ ಕಾಟಾ ನಡೆಯುತ್ತಿದೆ. ಅದರಲ್ಲಿ ಹಿಂದೆ ಮುಂದೆ ಹೋಗುವುದೇ ಇಲ್ಲ, ಕಿಬಾ ದಾಚಿಯಲ್ಲಿ (ಕುದುರೆ ಏರಿದಂತೆ ಕಾಲಗಲಿಸಿ ನಿಲ್ಲುವ ಭಂಗಿಯಲ್ಲಿ) ಎಡಕ್ಕೆ ಬಲಕ್ಕೆ ಅಷ್ಟೆ. ಮಳೆಗಾಲಕ್ಕೆ ನಮ್ಮ ಜಗುಲಿಯ ಅಗಲ ಸಾಕು. ದಬ್ಬೆ ಬೇಕಿದ್ದವರು ಮಳೆಗೆ ಮೊದಲೇ ಸೀಳಿಸಿ ಒಣಗಿಸಿಟ್ಟುಕೊಳ್ಳಿ. ಜೂನ್ ಬಂದ ಮೇಲೆ ಕೇಳಬೇಡಿ.